ಗಾಳಿಗೆ ಜಾತಿ ಇಲ್ಲ ಸರಿ, ಪಹಣಿಗೆ?



ಉದ್ದ ಪೋಸ್ಟ್ ಇದು. ಪುರಸೊತ್ತು ಮಾಡಿಕೊಂಡು ಓದಿ, ಅರ್ಧ ಓದಿ ಕಾಮೆಂಟ್ ಹಾಕಬೇಡಿ.

ಕೊಪ್ಪಳದ ಕಾರ್ಖಾನೆ ವಿಷಯ ಬರೆದಾಗೆಲ್ಲ ಎರಡು ಥರದ ಮಂದಿ ನನ್ನ ಇನ್‌ಬಾಕ್ಸಿಗೆ ಬರ್ತಾರೆ. ಒಬ್ಬರು ನಮ್ಮವರೇ. "ಅಣ್ಣಾ, ಹೊಗಿ ಧೂಳು ಅನ್ನೋದೆಲ್ಲ ಹೊಟ್ಟಿ ತುಂಬಿದವರ ಹೋರಾಟ. ನಮ್ಮ ಹುಡುಗ್ರಿಗೆ ಸಿಗೋ ಕೆಲಸ ಯಾಕ ತಪ್ಪಸ್ತೀರಿ?" ಇನ್ನೊಬ್ಬರು ಪರಿಸರದವರು. "ಸರ್, ನೀವು ಎಲ್ಲದಕ್ಕೂ ಜಾತಿ ತರ್ತೀರಿ. ಗಾಳಿಗೆ ಜಾತಿ ಐತೇನ್ರಿ?" ಇಬ್ಬರಿಗೂ ಇಲ್ಲೇ ಉತ್ತರ ಕೊಡ್ತೀನಿ. ಮೊದಲು ನಮ್ಮವರಿಗೆ.

ಬಾಬಾಸಾಹೇಬರು ಕೈಗಾರಿಕೆ ಪರ ಇದ್ದರು ಅಂತ ನನಗೆ ನೆನಪು ಮಾಡುವ ಅಗತ್ಯವಿಲ್ಲ. ಊರು ಅನ್ನೋದು ನಮ್ಮ ಪಾಲಿಗೆ ಏನು ಅಂತ ಅವರಿಗಿಂತ ಚೆನ್ನಾಗಿ ಹೇಳಿದವರಿಲ್ಲ. ಊರು ಬಿಟ್ಟು ಕಾರ್ಖಾನೆಗೆ ಹೋದರೆ ಗೌಡನ ಹೊಲದ ಜೀತ ತಪ್ಪುತ್ತೆ, ಒಪ್ಪಿದೆ. ಆದರೆ ಅವರ ಇನ್ನೊಂದು ಕೆಲಸವನ್ನು ಯಾರೂ ಹೇಳೋದಿಲ್ಲ. 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ ವಿದ್ಯುತ್ ಮತ್ತು ನೀರಾವರಿ ಕೂಡ ಅವರ ಕೈಯಲ್ಲೇ ಇತ್ತು. 1944ರ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಅವರ ಕಾಲದ್ದು. ಕರೆಂಟು ಅಗ್ಗವಾಗಿರಬೇಕು, ಧಾರಾಳವಾಗಿ ಸಿಗಬೇಕು, ಅದಿಲ್ಲದೆ ಬಡವರ ಬಡತನ ಹೋಗಲ್ಲ ಅನ್ನೋದು ಅವರ ವಾದ. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಮೂಲ ಕೈಗಾರಿಕೆ ಸರ್ಕಾರದ ಒಡೆತನದಲ್ಲಿ ಇರಬೇಕು ಅಂದರು. ಅಂದರೆ ಕೈಗಾರಿಕೆ ಬೇಕು ಅಂದವರೇ, ಅದು ಯಾರ ಕೈಯಲ್ಲಿ ಅನ್ನೋದನ್ನೂ ಕೇಳಿದರು. ನೀವು ಮೊದಲನೇ ಅರ್ಧ ಮಾತ್ರ ಓದ್ತೀರಿ.

ಈಗ ಕೊಪ್ಪಳಕ್ಕೆ ಬರೋಣ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಬಲ್ದೋಟ ಗುಂಪು 54 ಸಾವಿರ ಕೋಟಿ ರೂಪಾಯಿ ಘೋಷಣೆ ಮಾಡಿತು. ವರ್ಷಕ್ಕೆ 10.5 ಮಿಲಿಯನ್ ಟನ್ ಉಕ್ಕು, ಅಂದರೆ ಒಂದು ಕೋಟಿ ಟನ್‌ಗಿಂತ ಜಾಸ್ತಿ. ಅದೂ ಕೊಪ್ಪಳ ನಗರಕ್ಕೆ ಅಂಟಿಕೊಂಡ ಜಾಗದಲ್ಲಿ. ಬ್ಲಾಸ್ಟ್ ಫರ್ನೇಸ್‌ನಲ್ಲಿ ಒಂದು ಟನ್ ಉಕ್ಕು ತೆಗೆದರೆ ಎರಡು ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತೆ. ಗುಣಿಸಿ ನೋಡಿ. ಅದೇ ತಿಂಗಳು 24ಕ್ಕೆ ಗವಿಮಠದ ಸ್ವಾಮೀಜಿ ಮುಂದಾಳತ್ವದಲ್ಲಿ ಕೊಪ್ಪಳ ಬಂದ್ ಆಯ್ತು, ಜನ ಸಾಗರವೇ ಬಂತು. ಮಾರ್ಚ್‌ನಲ್ಲಿ ನಿಯೋಗ ಹೋದ ಮೇಲೆ ಮುಖ್ಯಮಂತ್ರಿಗಳು ಕೆಲಸ ನಿಲ್ಲಿಸಿ ಅಂದರು. ಬಾಯಿಮಾತಿಗೂ ಸರ್ಕಾರಿ ಆದೇಶಕ್ಕೂ ಎಷ್ಟು ಅಂತರ ಅಂತ ಗುಮಾಸ್ತನಾದ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಗಿಣಿಗೇರಿ, ಹಿರೇಬಗನಾಳ, ಅಲ್ಲಾನಗರ, ಕುಣಿಕೇರಿ ಕಡೆ ಈಗಾಗಲೇ ಸ್ಪಾಂಜ್ ಐರನ್, ಪೆಲೆಟ್, ಬೀಡು ಕಬ್ಬಿಣ ಎಲ್ಲ ಇವೆ. ಅಲ್ಲಿ ಬೆಳೆ ಮೇಲೆ ಕೂತ ಕರಿ ಬೂದಿ ಮುಟ್ಟಿ ನೋಡಿದವರು ಕೆಲಸದ ಮಾತು ಆಡುವಾಗ ಸ್ವಲ್ಪ ತಡೆದು ಆಡ್ತಾರೆ. ಕಂಪನಿ ಗೇಟಿನ ಒಳಗೆ ಕಾಯಂ ನೌಕರರು ಎಷ್ಟು, ಗುತ್ತಿಗೆಯವರು ಎಷ್ಟು, ಅದರಲ್ಲಿ ಎಸ್‌ಸಿ ಎಸ್‌ಟಿ ಎಷ್ಟು, ಕಸ ಹೊಡೆಯೋದು, ಬೂದಿ ಎತ್ತೋದು, ಲೋಡ್ ಹೊರೋದು ಬಿಟ್ಟು ಬೇರೆ ಕೆಲಸದಲ್ಲಿ ನಮ್ಮವರು ಎಷ್ಟು ಅಂತ ಒಮ್ಮೆ ಬರಹದಲ್ಲಿ ಕೇಳಿ. ಖಾಸಗಿ ಕಂಪನಿಗೆ ಮೀಸಲಾತಿ ಇಲ್ಲ ಅನ್ನೋದು ಗೊತ್ತಿದ್ದೂ "ಕೆಲಸ ಸಿಗ್ತಿತ್ತು" ಅಂತ ಅಳೋದು ಯಾಕೆ? ಪಕ್ಕದ ಬಳ್ಳಾರಿ ಜಿಲ್ಲೆಯ ಕುಡತಿನಿ ಸುತ್ತ 2010ರ ಆಸುಪಾಸು ಉಕ್ಕಿನ ಕಾರ್ಖಾನೆಗಳ ಹೆಸರಲ್ಲಿ 12 ಸಾವಿರ ಎಕರೆಗೂ ಹೆಚ್ಚು ಭೂಮಿ ಹೋಯ್ತು. ಹೇಳಿದ ಕಾರ್ಖಾನೆ ಬರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಆ ರೈತರು ಧರಣಿ ಕೂತರು. ಕೆಲಸವೂ ಇಲ್ಲ, ಹೊಲವೂ ಇಲ್ಲ.

ಇನ್ನು ಪರಿಸರದ ಗೆಳೆಯರಿಗೆ.

ಗಾಳಿಗೆ ಜಾತಿ ಇಲ್ಲ, ಸರಿ. ಕೆರೆಗೆ? ಮಹಾಡದಲ್ಲಿ ಚವದಾರ್ ಕೆರೆ ನೀರಿಗೆ ಬಾಬಾಸಾಹೇಬರು ಕೈ ಹಾಕಿದ್ದು 1927ರ ಮಾರ್ಚ್ 20ಕ್ಕೆ. ನಮ್ಮ ಪರಿಸರ ಹೋರಾಟ ಅಲ್ಲಿಂದ ಶುರುವಾಗಿದ್ದು, ನಿಮ್ಮ ಗಿಡ ನೆಡೋ ಕಾರ್ಯಕ್ರಮದಿಂದ ಅಲ್ಲ. ಬಸಾಪುರ ಕೆರೆ ಸಾರ್ವಜನಿಕರಿಗೆ ಬಿಡಿ, ದನಕರು ಕುರಿ ನೀರು ಕುಡೀಲಿ ಅಂತ ಕೊಪ್ಪಳದ ಹೋರಾಟಗಾರರು ಕೇಳ್ತಾ ಇದ್ದಾರಲ್ಲ, ಆ ಬೇಡಿಕೆ ನಮ್ಮದೂ ಹೌದು. ಅದು ನಮ್ಮ ಮನೆತನದ ಬೇಡಿಕೆ.

ಆದರೆ ಇದೇ ಜಿಲ್ಲೆಯ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ನಮ್ಮ ಕೇರಿಗೆ ಬೆಂಕಿ ಹಚ್ಚಿದರು. 2024ರ ಅಕ್ಟೋಬರ್‌ನಲ್ಲಿ 98 ಜನರಿಗೆ ಜೀವಾವಧಿ ಆಯ್ತು. ಹತ್ತು ವರ್ಷ ಬೇಕಾಯ್ತು. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ಕೂಸು ಮಳೆ ಬಂತು ಅಂತ ಹನುಮಪ್ಪನ ಗುಡಿಯೊಳಗೆ ಓಡಿದ್ದಕ್ಕೆ ಶುದ್ಧಿ ಖರ್ಚು 25 ಸಾವಿರ ಕೇಳಿದರು. ಗಾಳಿ ಶುದ್ಧ ಆಗಬೇಕು ಅಂತ ಬೀದಿಗೆ ಬಂದವರಲ್ಲಿ ಎಷ್ಟು ಮಂದಿ ಅವತ್ತು ಬೀದಿಗೆ ಬಂದಿದ್ದರು? ಲೆಕ್ಕ ತೀರಿಸೋಕೆ ಕೇಳ್ತಿಲ್ಲ. ನಾವು ನಿಮ್ಮ ಜೊತೆ ಬರ್ತೀವಿ, ಬಂದೂ ಇದ್ದೀವಿ. ಬ್ಯಾನರ್ ಹಿಡಿಯೋಕೆ ಮಾತ್ರ ಕರೆದು ನಿರ್ಣಯ ಬರೆಯುವಾಗ ಮರೆತರೆ ಮಾತ್ರ ನಡೆಯಲ್ಲ. ನಿರ್ಣಯದಲ್ಲಿ ಏನು ಇರಬೇಕು ಅನ್ನೋದೇ ಈ ಪೋಸ್ಟಿನ ವಿಷಯ.

ನಿಮ್ಮ ಪ್ರತಿ ಮನವಿಯಲ್ಲೂ ಒಂದು ಸಾಲು ಇರುತ್ತೆ: "ಹೊಗೆ ಉಗುಳುವ ಕಾರ್ಖಾನೆ ಬೇಡ, ಶುದ್ಧ ಇಂಧನದ ಯೋಜನೆ ತನ್ನಿ." ತಂದಿದ್ದಾರೆ ಸ್ವಾಮಿ. ಯಲಬುರ್ಗಾ, ಕುಷ್ಟಗಿ, ಕುಕನೂರು ಕಡೆ ಹೋಗಿ ನೋಡಿ, ಎರಿ ಹೊಲದ ತುಂಬ ಫ್ಯಾನುಗಳು. 2024-25ರಲ್ಲಿ ದೇಶದಲ್ಲೇ ಅತಿ ಹೆಚ್ಚು ಗಾಳಿ ವಿದ್ಯುತ್ ಸೇರಿಸಿದ ರಾಜ್ಯ ನಮ್ಮದು, 1,331 ಮೆಗಾವಾಟ್. ಕೊಪ್ಪಳವನ್ನು 2,500 ಮೆಗಾವಾಟ್ ಗಾಳಿ ವಿದ್ಯುತ್ ವಲಯ ಅಂತ ಗುರುತಿಸಿ ಅದಕ್ಕೇ ದೊಡ್ಡ ಲೈನು ಹಾಕಿದ್ದಾರೆ. ಅದರಿಂದ ಯಾವ ಚಿಮಣಿ ಹೊಗೆಯೂ ಕಮ್ಮಿ ಆಗಿಲ್ಲ. ಮೇಲೆ ಅರಸಿನಕೇರಿ ಸುತ್ತ ಅಣುಸ್ಥಾವರಕ್ಕೆ ಜಾಗ ನೋಡುವ ಮಾತು ಬೇರೆ. ಅದಕ್ಕೂ 'ಶುದ್ಧ' ಅಂತಲೇ ಹೆಸರು. ಶುದ್ಧ ಅನ್ನೋ ಪದ ಕೇಳಿದರೇ ನಮ್ಮ ಮಂದಿಗೆ ಮೈ ಉರಿಯುತ್ತೆ, ಯಾಕೆ ಅಂತ ಮಿಯಾಪುರದವರನ್ನು ಕೇಳಿ.

ಉಕ್ಕಿನ ಕಾರ್ಖಾನೆ ಬಂದರೆ ಕೊನೇಪಕ್ಷ ಸಾರ್ವಜನಿಕ ಅಹವಾಲು ಸಭೆ ಅಂತ ಒಂದು ನಾಟಕ ಆದರೂ ಇದೆ. ಮೈಕ್ ಹಿಡಿದು ಬೈಯಬಹುದು. 2006ರ ಪರಿಸರ ಪರಿಣಾಮ ಅಧಿಸೂಚನೆ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲ, ಸೋಲಾರ್ ಪ್ಯಾನೆಲ್ಲಿಗೂ ವಿನಾಯ್ತಿ. ಮಾಲಿನ್ಯ ಮಂಡಳಿ ಲೆಕ್ಕದಲ್ಲಿ ಇವು 'ಬಿಳಿ' ವರ್ಗ. ಹಾಗಾಗಿ ಸಭೆಯೇ ಇಲ್ಲ. ಕಂಪನಿ ಏಜೆಂಟು, ಹೊಲದ ಮಾಲೀಕ, ನೋಂದಣಿ ಕಚೇರಿ, ಅಷ್ಟೇ. ಹೊಲ ಇಲ್ಲದವನು ಆ ಮಾತುಕತೆಯಲ್ಲಿ ಎಲ್ಲೂ ಬರೋದಿಲ್ಲ.

ಪಾವಗಡ ನೋಡಿ. 13 ಸಾವಿರ ಎಕರೆ, 2,050 ಮೆಗಾವಾಟ್. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ಬಾಡಿಗೆ ಇತ್ತು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಹೆಚ್ಚಳ. ಬರದ ನಾಡಿನ ರೈತನಿಗೆ ಒಳ್ಳೇದಾಯ್ತು, ಇಲ್ಲ ಅನ್ನಲ್ಲ. ಹತ್ತು ಎಕರೆ ಇದ್ದವನು ಕಟ್ಟೆ ಮೇಲೆ ಕೂತು ಬಾಡಿಗೆ ಎಣಿಸ್ತಾನೆ. ಅವನ ಹೊಲದಲ್ಲಿ ಶೇಂಗಾ ಕೀಳ್ತಿದ್ದ ಹೆಣ್ಮಕ್ಕಳಿಗೆ? ಅಲ್ಲಿ ಕುರಿ ಮೇಯಿಸ್ತಿದ್ದವನಿಗೆ? ಬಾಡಿಗೆ ಕರಾರಿನಲ್ಲಿ ಕೂಲಿಯವರ ಹೆಸರು ಬರೆಯೋ ಕಾಲಮ್ಮೇ ಇಲ್ಲ. ಇದರಲ್ಲಿ ಫ್ಯಾನಿಗಿಂತ ಸೋಲಾರ್ ನಮಗೆ ಹೆಚ್ಚು ಕಂಟಕ, ಇದು ನನ್ನ ಅಭಿಪ್ರಾಯ. ಫ್ಯಾನಿನ ಕೆಳಗೆ ಕಡಲಿ ಬಿತ್ತಬಹುದು, ಕಡಲಿ ಕಿತ್ತು ಕೂಲಿ ತಗೋಬಹುದು. ಪ್ಯಾನೆಲ್ ಕೆಳಗೆ ಏನೂ ಇಲ್ಲ, ಸುತ್ತ ತಂತಿ ಬೇಲಿ. ಯಲಬುರ್ಗಾ ಕುಷ್ಟಗಿಯಿಂದ ಮಂಗಳೂರು, ಗೋವಾಕ್ಕೆ ಗುಳೆ ಹೋಗೋರು ಮೊದಲೇ ಕಮ್ಮಿ ಇಲ್ಲ.

ಈಗ ನನ್ನ ಕಸುಬಿನ ಮಾತು. ಪಹಣಿ.

ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರು ಇರುತ್ತೆ, ಎಲ್ಲರೂ ಅದನ್ನೇ ನೋಡ್ತಾರೆ. 11ನೇ ಕಾಲಂ ನೋಡಿ. ಇತರೆ ಹಕ್ಕು, ಋಣ ಅಂತ ಇರುತ್ತೆ. ಸರ್ಕಾರ ನಮ್ಮ ಅಪ್ಪ ಅಜ್ಜಂದಿರಿಗೆ ಮಂಜೂರು ಮಾಡಿದ ಜಮೀನಾದರೆ ಪರಭಾರೆ ನಿರ್ಬಂಧ ಸಾಮಾನ್ಯವಾಗಿ ಅಲ್ಲಿ ಬರೆದಿರಬೇಕು. ಬರೆದಿಲ್ಲದಿದ್ದರೆ ಹಕ್ಕು ಹೋಯ್ತು ಅಂತ ಅಲ್ಲ, ಮೂಲ ಮಂಜೂರಾತಿ ಕಡತ ತೆಗೆಸಬೇಕು. 1978ರ ಪಿಟಿಸಿಎಲ್ ಕಾಯ್ದೆ ಅಂದರೆ ಮಾರಾಟಕ್ಕೆ ಮಾತ್ರ ಸಂಬಂಧ ಅಂತ ಬಹಳ ಮಂದಿ ತಿಳಿದಿದ್ದಾರೆ, ಏಜೆಂಟರೂ ಹಾಗೇ ಹೇಳ್ತಾರೆ: "ಮಾರ್ತಿಲ್ಲಲ್ಲಪ್ಪ, ಬರೀ ಲೀಸು." ಸುಳ್ಳು. ಆ ಕಾಯ್ದೆಯ 3ನೇ ಕಲಂನಲ್ಲಿ ಪರಭಾರೆ ಅನ್ನೋ ಪದದ ಅರ್ಥದಲ್ಲೇ ಲೀಸ್ ಕೂಡ ಸೇರಿದೆ, ಅಡವೂ ಸೇರಿದೆ. 4(2)ರ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ಕರಾರು ನಿಲ್ಲೋದಿಲ್ಲ. 5ನೇ ಕಲಂ ಪ್ರಕಾರ ಎಸಿ ಸಾಹೇಬರು ಜಮೀನು ವಾಪಸ್ ಕೊಡಿಸಬಹುದು. ತಡ ಆಯ್ತು ಅಂತ ಅರ್ಜಿ ತಳ್ಳುವ ಚಾಳಿ 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಶುರುವಾಗಿತ್ತು. ನಮ್ಮ ಸಂಘಟನೆಗಳು ಬೀದಿಯಲ್ಲಿ ಕೂತ ಮೇಲೆ 2023ರಲ್ಲಿ ತಿದ್ದುಪಡಿ ಬಂತು, ಈಗ ಕಾಲಮಿತಿ ಇಲ್ಲ.

ಇದಕ್ಕಿಂತ ಕಷ್ಟದಲ್ಲಿ ಇರೋರು ಬಗರ್ ಹುಕುಂನವರು. ಫಾರಂ 50, 53, 57 ಹಾಕಿ ಹಾಕಿ ಸವೆದವರು. ಉಳುಮೆ ಅವರದು, ಪಹಣಿಯಲ್ಲಿ ಸರ್ಕಾರ. ನಾಳೆ ಆ ಗುಡ್ಡದ ಮೇಲೆ ಫ್ಯಾನ್ ಬಂದರೆ ಅವರು ರೈತರಲ್ಲ, 'ಒತ್ತುವರಿದಾರರು'. ಪರಿಹಾರ ಬಿಡಿ, ನೋಟಿಸ್ ಬರುತ್ತೆ.

ಹಾಗಾದರೆ ಶುದ್ಧ ಇಂಧನ ಬೇಡವಾ ಅಂತ ಕೇಳ್ತೀರಿ. ಬೇಕು. ನಮಗೇ ಮೊದಲು ಬೇಕು, ಶಕ್ತಿನಗರ ಕುಡತಿನಿಯ ಕಲ್ಲಿದ್ದಲು ಬೂದಿ ಎತ್ತೋರು ಯಾರು ಅಂತ ಗೊತ್ತಿದ್ದವರಿಗೆ ಈ ಪ್ರಶ್ನೆ ಬರಬಾರದು. ನಾವು ಕೇಳೋದು, ಫ್ಯಾನ್ ಹಾಕುವ ಮೊದಲು ಗ್ರಾಮಸಭೆ ಆಗಲಿ, ಅಲ್ಲಿ ಭೂಮಿ ಇಲ್ಲದವರ ಪಟ್ಟಿ ಮೊದಲು ಓದಲಿ. ಮಾಲೀಕನ ಬಾಡಿಗೆ ಜೊತೆ ಯೂನಿಟ್ಟಿಗೆ ಇಷ್ಟು ಪೈಸೆ ಅಂತ ಕೂಲಿಕಾರರ ನಿಧಿಗೆ ಬರಲಿ. ಬಗರ್ ಹುಕುಂ ಅರ್ಜಿ ಇತ್ಯರ್ಥ ಆಗುವವರೆಗೆ ಆ ಸರ್ವೆ ನಂಬರ್ ಯಾವ ಕಂಪನಿಗೂ ಬೇಡ. ಎಸ್‌ಸಿಎಸ್‌ಪಿ ದುಡ್ಡನ್ನು ಎಲ್ಲೆಲ್ಲಿಗೋ ತಿರುಗಿಸುವ ಸರ್ಕಾರ ಅದೇ ದುಡ್ಡಲ್ಲಿ ನಮ್ಮ ಹಾಸ್ಟೆಲ್ಲುಗಳ ಮೇಲೆ, ಕೇರಿಯ ಮನೆಗಳ ಮೇಲೆ, ಗಂಗಾ ಕಲ್ಯಾಣದ ಬೋರಿಗೆ ಸೋಲಾರ್ ಹಾಕಲಿ. ಬೋರ್ ಕೊರೆಸಿ ಕರೆಂಟಿಗೆ ಕಾಯೋದು ಎಷ್ಟು ವರ್ಷ ಅಂತ ನಮಗೆ ಗೊತ್ತು.

ಕೊಪ್ಪಳದ ಹೋರಾಟ ಸಮಿತಿಯ ಗೆಳೆಯರೇ, ಮುಂದಿನ ಮನವಿಯಲ್ಲಿ ಇದು ಇರಬೇಕು. ಕಾರ್ಖಾನೆ ಬೇಡ ಅನ್ನೋ ಸಾಲಿನ ಕೆಳಗೆ ಅಲ್ಲ, ಪಕ್ಕದಲ್ಲೇ.

ಯಲಬುರ್ಗಾ, ಕುಕನೂರು, ಕುಷ್ಟಗಿ, ಕೊಪ್ಪಳ ತಾಲೂಕಿನ ನಮ್ಮ ಮಂದಿ, ಮನೆಯಲ್ಲಿ ಫ್ಯಾನ್ ಕಂಪನಿ ಅಥವಾ ಸೋಲಾರ್ ಕಂಪನಿಯ ಕರಾರು ಪತ್ರ ಇದ್ದರೆ ಅದರ ಎಲ್ಲಾ ಪುಟಗಳ ಫೋಟೋ, ಈ ವರ್ಷದ ಪಹಣಿ, ಸಿಕ್ಕರೆ ಹಳೇ ಮಂಜೂರಾತಿ ಚೀಟಿ ಇನ್‌ಬಾಕ್ಸಿಗೆ ಕಳಿಸಿ. ಕಾಮೆಂಟಿನಲ್ಲಿ ಸರ್ವೆ ನಂಬರ್ ಹಾಕಬೇಡಿ, ಏಜೆಂಟರೂ ಓದ್ತಾರೆ. ಆಫೀಸು ಬಿಟ್ಟ ಮೇಲೆ, ಸಂಜೆ ಆರರ ನಂತರ ಒಂದೊಂದಾಗಿ ನೋಡ್ತೀನಿ. ಹೊಸದಾಗಿ ಸಹಿ ಕೇಳ್ಕೊಂಡು ಬಂದಿದ್ದರೆ, ನೋಡೋತನಕ ಹೆಬ್ಬೆಟ್ಟು ಒತ್ತಬೇಡಿ.

ಜೈಭೀಮ್.