ಗಣಕಭಾಷೆಯ ಸ್ಥಳಾಂತರ: ಒಂದು ವಿಚಾರ

ಕಟ್ಟಡವನ್ನು ಸ್ಥಳಾಂತರಿಸುವ ಎರಡು ರೀತಿಗಳನ್ನು ನಮ್ಮ ಸೀಮೆಯ ಜನ ಕಂಡಿದ್ದಾರೆ. ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲುಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪುವಿನ ಶಸ್ತ್ರಾಗಾರವನ್ನು 2017ರಲ್ಲಿ ಕಳಚದೆ ಇಡಿಯಾಗಿಯೇ ಸರಿಸಲಾಯಿತು. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನಾದರೋ, ಕಲ್ಲುಗಳಿಗೆ ಗುರುತು ಹಾಕಿ ಬಿಚ್ಚಿ, ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮರಳಿ ಜೋಡಿಸಲಾಯಿತು. ಗಣಕಯಂತ್ರದ ಕ್ರಮವಿಧಿಗಳನ್ನು ಭಾಷೆಯ ಹಳೆಯ ಆವೃತ್ತಿಯಿಂದ ಹೊಸದಕ್ಕೆ ಸಾಗಿಸುವಾಗ ಅನುಸರಿಸಬೇಕಾದದ್ದು ಈ ಎರಡನೆಯ ಮಾರ್ಗವೆಂಬುದು ನನ್ನ ಅಭಿಪ್ರಾಯ.

ಪೈಥಾನ್ ಎಂಬ ಗಣಕಭಾಷೆ 1991ರಲ್ಲಿ ಪ್ರಕಟವಾಯಿತು. ಅದರ ಮೂರನೆಯ ಆವೃತ್ತಿ 2008ರ ಡಿಸೆಂಬರಿನಲ್ಲಿ ಹೊರಬಂದಾಗ, ಎರಡನೆಯದರಲ್ಲಿ ಬರೆದ ಎಷ್ಟೋ ಕ್ರಮವಿಧಿಗಳು ಅದರಲ್ಲಿ ನಡೆಯದಾದವು. ಏಳನ್ನು ಎರಡರಿಂದ ಭಾಗಿಸಿದರೆ ಹಳೆಯದು 3 ಎನ್ನುತ್ತಿತ್ತು, ಹೊಸದು 3.5 ಎನ್ನುತ್ತದೆ. ಇಂಥ ವ್ಯತ್ಯಾಸವು ದೊಡ್ಡ ಕ್ರಮವಿಧಿಯೊಂದರಲ್ಲಿ ಸದ್ದಿಲ್ಲದೆ ಲೆಕ್ಕವನ್ನೇ ಕೆಡಿಸಬಲ್ಲುದು. ಹಳೆಯದರ ಪೋಷಣೆಯನ್ನು ನಿಲ್ಲಿಸಲು ಇಟ್ಟಿದ್ದ 2015ರ ಗಡುವನ್ನು 2020ಕ್ಕೆ ಮುಂದೂಡಬೇಕಾಯಿತೆಂದರೆ ಕಾರ್ಯದ ಭಾರವನ್ನು ಊಹಿಸಬಹುದು.

ನಡೆಯುತ್ತಿರುವುದನ್ನು ಮುಟ್ಟುವುದೇಕೆ ಎಂದು ಕೇಳುವವರುಂಟು. ಕನ್ನಡಿಗರಾದ ನಮಗೆ ಇದರ ಉತ್ತರ ನಮ್ಮ ಲಿಪಿಯಲ್ಲಿಯೇ ಇದೆ. 'ಕನ್ನಡ' ಎಂಬ ಪದದ ಉದ್ದವೆಷ್ಟೆಂದರೆ ಹಳೆಯ ಪೈಥಾನ್ ಸಾಮಾನ್ಯವಾಗಿ 15 ಎನ್ನುತ್ತಿತ್ತು. ಅದು ಎಣಿಸುತ್ತಿದ್ದುದು ಅಕ್ಷರಗಳನ್ನಲ್ಲ, ಬೈಟುಗಳನ್ನು. ಹೊಸದು 5 ಎನ್ನುತ್ತದೆ: ಕ, ನ, ಹಲಂತಚಿಹ್ನೆ, ನ, ಡ. ನಮ್ಮ ಕಣ್ಣಿಗೆ ಕಾಣುವ ಮೂರೇ ಅಕ್ಷರಗಳನ್ನು ಅದೂ ಅರಿಯದು. ಆದರೂ ನಮ್ಮ ಲಿಪಿಯನ್ನು ಲಿಪಿಯೆಂದು ಮನ್ನಿಸಿದೆ. ಇಂಗ್ಲಿಷ್ ಪದಗಳ ಎಣಿಕೆಯಲ್ಲಿ ಈ ಭೇದವೇ ಕಾಣಿಸದು. ಹಾಗಾಗಿ ಬದಲಾವಣೆಯ ಕಷ್ಟ ಎಲ್ಲರದಾದರೂ ಅದರ ಲಾಭ ವಿಶೇಷವಾಗಿ ನಮ್ಮಂಥ ಭಾಷೆಗಳದು.

ಭಾರತೀಯರಾದ ಕೋವಿದ್ ಗೋಯಲ್ ಅವರು ಆರಂಭಿಸಿದ, ವಿದ್ಯುನ್ಮಾನ ಪುಸ್ತಕಗಳನ್ನು ನಿರ್ವಹಿಸುವ ಕ್ಯಾಲಿಬರ್ ಎಂಬ ಮುಕ್ತ ತಂತ್ರಾಂಶದ ಉದಾಹರಣೆಯನ್ನು ನೋಡಬಹುದು. ಹಳೆಯ ಪೈಥಾನನ್ನು ತಾವೇ ಕಾಪಾಡಿಕೊಳ್ಳಬಲ್ಲೆವೆಂದು ಮೊದಲು ನುಡಿದಿದ್ದ ಅವರು, ಸ್ವಯಂಸೇವಕರ ನೆರವಿನೊಡನೆ, 2020ರ ಸೆಪ್ಟೆಂಬರಿನಲ್ಲಿ ಐದನೆಯ ಆವೃತ್ತಿಯಿಂದ ಹೊಸದಕ್ಕೆ ಬಂದರು. ಆಗ ಹೊರಗಿನವರು ರಚಿಸಿದ್ದ ಹಲವು ಪೂರಕ ಕ್ರಮವಿಧಿಗಳು ಕೆಲಸ ನಿಲ್ಲಿಸಿದವು. ಗರ್ಭಗುಡಿಯನ್ನು ಸಾಗಿಸಿ ಪ್ರಾಕಾರವನ್ನು ಮರೆತರೆ ದೇವಾಲಯ ಪೂರ್ಣವಾಗದು.

ಇಲ್ಲಿ ಕಲ್ಲಿನ ಮೇಲಿನ ಗುರುತಿನ ಸ್ಥಾನದಲ್ಲಿರುವುದು ಪರೀಕ್ಷೆ. ಪ್ರತಿಯೊಂದು ಭಾಗವೂ ಏನು ಮಾಡಬೇಕೆಂಬುದನ್ನು ಮೊದಲೇ ಪರೀಕ್ಷೆಯ ರೂಪದಲ್ಲಿ ಬರೆದಿಟ್ಟು, ಒಂದನ್ನು ಬದಲಿಸಿ, ಪರೀಕ್ಷಿಸಿ, ಅನಂತರವೇ ಮುಂದಿನದಕ್ಕೆ ಕೈಹಾಕಬೇಕು. ಇದು ಕೀರ್ತಿ ತರುವ ಕೆಲಸವಲ್ಲ. ಆದರೆ ಇದಿಲ್ಲದೆ ಕಟ್ಟಿದ್ದು ಉಳಿಯದು. ಆ ಭಾರವೆಲ್ಲ ಕೆಲವೇ ಸ್ವಯಂಸೇವಕರ ಹೆಗಲ ಮೇಲಿರುವುದು ನ್ಯಾಯವಲ್ಲ.

ಮುಕ್ತ ತಂತ್ರಾಂಶದ ಮೂಲಪಾಠ ಎಲ್ಲರಿಗೂ ತೆರೆದಿರುತ್ತದೆ. ಕನ್ನಡದ ಒತ್ತಕ್ಷರ ಎಲ್ಲಿ ಒಡೆಯಿತು, ಅಕಾರಾದಿ ಕ್ರಮ ಎಲ್ಲಿ ತಪ್ಪಿತು ಎಂಬುದನ್ನು ದೂರದೇಶದ ವಿದ್ವಾಂಸನಿಗಿಂತ ಕೃಷ್ಣರಾಜಪೇಟೆಯ ಅಥವಾ ನಾಗಮಂಗಲದ ವಿದ್ಯಾರ್ಥಿಯೊಬ್ಬ ಬೇಗನೆ ಗುರುತಿಸಬಲ್ಲ. ನಮ್ಮ ತರುಣ ತರುಣಿಯರು ಸಿದ್ಧವಸ್ತುವಿನ ಬಳಕೆದಾರರಾಗಿಯೇ ಉಳಿಯದೆ, ಒಂದೊಂದು ಕಲ್ಲನ್ನಾದರೂ ಹೊತ್ತು ಹೊಸ ನೆಲೆಗೆ ಮುಟ್ಟಿಸಲಿ.