ಕಣ್ಣು ಕೆಂಪಾದಾಗ

ಕಣ್ಣು ಕೆಂಪಾದೊಡನೆ ನಂದಿಬಟ್ಟಲು ಹೂವಿನ ರಸ ಹಿಂಡುವುದು ನಮ್ಮ ಮನೆಗಳ ವಾಡಿಕೆ. ಭಕ್ತರ ಮನೆಯ ತರುಣನೊಬ್ಬನಿಗೆ ನಾವೂ ಹಾಗೆಯೇ ಹೇಳಿದೆವು. ಅದು ನಮ್ಮ ತಪ್ಪು. ಅವನಿಗೆ ಪಿಸುರು ಇರಲಿಲ್ಲ. ಒಂದೇ ಕಣ್ಣು ನೋಯುತ್ತಿತ್ತು, ಬೆಳಕು ಸಹಿಸದಾಗಿತ್ತು. ಅದು ಅಂಟುವ ಕಣ್ಣುಬೇನೆಯಲ್ಲ, ಕಣ್ಣಿನೊಳಗಣ ಪೊರೆಯ ಉರಿಯೂತ. ವೈದ್ಯರ ಮಾತಿನಲ್ಲಿ ಯುವಿಯೈಟಿಸ್. ನೇತ್ರವೈದ್ಯರು ಕಣ್ಣನ್ನು ನೋಡಿ ಬೆನ್ನನ್ನು ವಿಚಾರಿಸಿದರಂತೆ! ಬೆಳಗ್ಗೆ ಏಳುವಾಗ ಸೊಂಟ ಸೆಟೆದಿದ್ದು, ನಡೆದಾಡಿದರೆ ಸಡಿಲವಾಗುವುದೆಂದು ಅವನು ಆಗ ಬಾಯಿಬಿಟ್ಟನು. ಬೆನ್ನೆಲುಬಿನ ಕೀಲುಗಳನ್ನು ಕ್ರಮೇಣ ಬೆಸೆಯಬಲ್ಲ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ವಾತರೋಗವದು. ಎಚ್‌ಎಲ್‌ಎ ಬಿ-27 ಎಂಬ ವಂಶವಾಹಿಗೂ ಈ ರೋಗಕ್ಕೂ ಇರುವ ನಂಟು 1973ರಲ್ಲಿ ತಿಳಿದುಬಂದಿತು. ಕ್ಷಯ, ಸಾರ್ಕಾಯ್ಡೋಸಿಸ್‌ಗಳೂ ಕೆಲವೊಮ್ಮೆ ಹೀಗೆ ಕಣ್ಣಿನಲ್ಲಿಯೇ ಮೊದಲು ತಲೆದೋರುವುದುಂಟು. ಕೀಲುವಾತವುಳ್ಳ ಮಕ್ಕಳಲ್ಲಂತೂ ಕಣ್ಣು ಕೆಂಪಾಗದೆಯೇ ಒಳಗೆ ಉರಿಯೂತವಿರಬಹುದು. ತಾಯಂದಿರು ನಿಯತವಾಗಿ ಪರೀಕ್ಷೆ ಮಾಡಿಸತಕ್ಕದ್ದು. ತರುಣನ ಕಣ್ಣು ಉಳಿಯಿತು; ಬೆನ್ನಿನ ಚಿಕಿತ್ಸೆ ನಡೆದಿದೆ.