ವೈನ್ ದ್ರಾಕ್ಷಿ ನೆಡುವ ಮೊದಲು

ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಸೀಮೆಯ ದ್ರಾಕ್ಷಿ ಬೆಳೆಗಾರರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. "ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಅವರು ಫ್ರಾನ್ಸಿನ ತಳಿ ಬೆಳೆದು, ಕೆಂಪು ವೈನ್ ಮಾಡಿ ಹೆಸರು ಗಳಿಸಿದರಲ್ಲ, ನಾವೂ ಬೆಂಗಳೂರು ನೀಲಿ ಕಿತ್ತು ಅದನ್ನೇ ಏಕೆ ಹಾಕಬಾರದು?" ಹಾಕಬಹುದು. ನೆಲವೂ ಹವೆಯೂ ಅಡ್ಡಿಯಾಗುವುದಿಲ್ಲ. ಆದರೆ ಕೊಳ್ಳುವವರಿಂದ ಲಿಖಿತ ಕರಾರು ಕೈಗೆ ಬರದೆ ಒಂದು ಸಸಿಯನ್ನೂ ನೆಡಬೇಡಿರೆಂಬುದು ನನ್ನ ಅಭಿಪ್ರಾಯ. ಕುಡಿಯುವುದು, ಬಿಡುವುದು ಅವರವರ ವಿಚಾರ. ಇಲ್ಲಿ ಬರೆಯುತ್ತಿರುವುದು ಬಳ್ಳಿಯ ಲೆಕ್ಕ ಮಾತ್ರ.

ಗ್ರೋವರ್ ತೋಟದ ಕಥೆಯನ್ನು ಅರ್ಧ ಕೇಳಿ ಬಂದವರೇ ಹೆಚ್ಚು. ಕನ್ವಲ್ ಗ್ರೋವರ್ ಅವರು ಮೂಲತಃ ವ್ಯಾಪಾರಸ್ಥರು. ಫ್ರಾನ್ಸಿನ ಜಾರ್ಜ್ ವೆಸೆಲ್ ಎಂಬ ವೈನ್ ತಜ್ಞರ ಸಲಹೆ ಪಡೆದು, ಅಲ್ಲಿಯ ಹಲವು ತಳಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಬಳಿಕ 1988ರಲ್ಲಿ ಸುಮಾರು 40 ಎಕರೆಯಲ್ಲಿ ತೋಟ ಮಾಡಿದರು. ವೈನ್ ಹೊರಬಂದದ್ದು 1992ರಲ್ಲಿ. ಮುಂದೆ ಬೋರ್ಡೊ ಪ್ರಾಂತದ ಮಿಶೆಲ್ ರೋಲಾಂ ಅವರೂ ಸಲಹೆಗಾರರಾದರು. ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ಎರಡನ್ನೂ ಬೆರೆಸಿ, ಓಕ್ ಮರದ ಪೀಪಾಯಿಯಲ್ಲಿಟ್ಟು ಮಾಗಿಸಿದ 'ಲಾ ರಿಸರ್ವ್' ಈ ಮನೆತನಕ್ಕೆ ಹೆಸರು ತಂದ ಕೆಂಪು ವೈನು. ಇಲ್ಲಿ ಬೆಳೆದವರೂ ಅವರೇ, ಕೊಂಡವರೂ ಅವರೇ. ಆರಂಭದ ವರ್ಷಗಳ ನಷ್ಟವನ್ನು ತಾಳಿಕೊಳ್ಳುವ ಬಂಡವಾಳವೂ ಇತ್ತು. ನಾಲ್ಕೆಕರೆಯ ರೈತ ಆ ತೋಟದ ಬೇಲಿಯಾಚೆ ನಿಂತು ನೋಡುವಾಗ ಕಾಣದಿರುವುದು ಇದೇ.

ಈ ಸೀಮೆ ಏಕೆ ಒಗ್ಗಿತು? ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ನೀರು ಬಸಿಯುವ ಕೆಂಪು ಮಣ್ಣು, ಹಣ್ಣು ಮಾಗುವ ಕಾಲದಲ್ಲಿ ಬಿಸಿಲ ಹಗಲು, ತಂಪಾದ ಇರುಳು. ಫ್ರಾನ್ಸಿನ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಕತ್ತರಿಯೇ ಅದರ ಪಂಚಾಂಗ. ಏಪ್ರಿಲ್ ಸುಮಾರಿಗೆ ಹಿಂದಕ್ಕೆ ಸವರಿ ಕಡ್ಡಿ ಬೆಳೆಸುತ್ತೇವೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮತ್ತೆ ಸವರಿ ಗೊನೆ ತರಿಸುತ್ತೇವೆ. ಹಣ್ಣು ಫೆಬ್ರವರಿ-ಮಾರ್ಚಿನ ಒಣ ಹವೆಯಲ್ಲಿ ಮಾಗುತ್ತದೆ. ಮಳೆಗಾಲದ ಫಸಲಿನ ಆಸೆಯನ್ನು ಬಿಡಬೇಕು. ಬೆಂಗಳೂರು ನೀಲಿಯಲ್ಲಿ ವರ್ಷಕ್ಕೆರಡು ಬೆಳೆ ತೆಗೆದು ರೂಢಿಯಾದವರಿಗೆ ಇದು ಮೊದಲನೆಯ ಕಡಿತ.

ಎರಡನೆಯ ಕಡಿತ ಇನ್ನೂ ದೊಡ್ಡದು. ಕೆಂಪು ವೈನಿನ ಬಣ್ಣ, ಒಗರು, ವಾಸನೆಯ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಅದಕ್ಕಾಗಿಯೇ ರಸವನ್ನು ಸಿಪ್ಪೆಯೊಡನೆ ಹುದುಗಿಸುತ್ತಾರೆ. ಕಾಯಿ ಚಿಕ್ಕದಾದಷ್ಟೂ ರಸಕ್ಕೆ ಸಿಪ್ಪೆಯ ಪ್ರಮಾಣ ಹೆಚ್ಚು. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡ 1ರಷ್ಟು ಮದ್ಯಸಾರ ಬರುತ್ತದೆ. ಆದುದರಿಂದ ರಸ 22 ಬ್ರಿಕ್ಸ್ ದಾಟುವವರೆಗೆ ಗೊನೆ ಬಳ್ಳಿಯಲ್ಲೇ ಇರಬೇಕು. ಒಂದೇ ಬಳ್ಳಿಗೆ ಹೆಚ್ಚು ಗೊನೆ ಹೊರಿಸಿ ಇವೆಲ್ಲವನ್ನೂ ಪಡೆಯಲಾಗದು. ಒಳ್ಳೆಯ ಕೆಂಪು ವೈನ್ ಬೇಕೆನ್ನುವವರು ಇಳುವರಿಯನ್ನು ಎಕರೆಗೆ ನಾಲ್ಕೈದು ಟನ್ನಿಗೆ ಮಿತಿಗೊಳಿಸಿ ಎನ್ನುತ್ತಾರೆ. ಅವರು ಹೇಳುವುದು ಸರಿ. ಆದರೆ ಈಗ ನಿಮ್ಮ ಎಕರೆಯಲ್ಲಿ 10 ಟನ್ ನೀಲಿ ಬರುತ್ತಿದ್ದರೆ, 4 ಟನ್ ವೈನ್ ದ್ರಾಕ್ಷಿಗೆ ಕಿಲೋ ಒಂದಕ್ಕೆ ಎರಡೂವರೆ ಪಟ್ಟು ದರ ಸಿಕ್ಕಿದಾಗ ಮಾತ್ರ ಹಳೆಯ ಆದಾಯಕ್ಕೆ ಸರಿಹೋಗುತ್ತದೆ. ಬೇರುಕಾಂಡದ ಮೇಲೆ ಕಟ್ಟಿದ ಕಸಿ ಗಿಡ, ಕಂಬ, ತಂತಿಗಳ ಖರ್ಚು ಇದರ ಮೇಲೆ.

ಬೆಂಗಳೂರು ನೀಲಿಯನ್ನು ಹಗುರವಾಗಿ ಕಾಣುವವರು ನಮ್ಮಲ್ಲಿದ್ದಾರೆ, ವಿಜ್ಞಾನಿಗಳಲ್ಲೂ ಇದ್ದಾರೆ. ಅದರ ಘಾಟು ವಾಸನೆ ಉತ್ತಮ ವೈನಿಗೆ ಒಗ್ಗದು, ನಿಜ. ಆದರೆ 2013ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಈ ಹಣ್ಣಿಗೆ ತಿನ್ನುವವರು, ರಸ ತೆಗೆಯುವವರು, ಸಿಹಿ ವೈನ್ ಮಾಡುವವರು ಎಂದು ಮೂರು ಬಾಗಿಲುಗಳಿವೆ. ಕ್ಯಾಬರ್ನೆಗೆ ಇರುವುದು ಒಂದೇ ಬಾಗಿಲು. ಬೀಜ ತುಂಬಿದ, ದಪ್ಪ ಸಿಪ್ಪೆಯ ಆ ಚಿಕ್ಕ ಹಣ್ಣನ್ನು ಮಾರುಕಟ್ಟೆಗೆ ಒಯ್ದರೆ ಯಾರು ಕೊಳ್ಳುತ್ತಾರೆ? 2009-10ರ ಸುಮಾರಿಗೆ ವೈನ್ ಬೇಡಿಕೆ ಕುಸಿದಾಗ ನಾಸಿಕ್ ಕಡೆಯ ಎಷ್ಟೋ ಬೆಳೆಗಾರರ ಹಣ್ಣನ್ನು ಕೇಳುವವರಿರಲಿಲ್ಲ. ಬೆಳೆದ ಬಳ್ಳಿಗಳನ್ನು ಅವರೇ ಕಿತ್ತು ಹಾಕಿದರು. ನಮ್ಮ ಸರ್ಕಾರ 2007ರಲ್ಲಿ ವೈನ್ ನೀತಿ ತಂದು ಪ್ರೋತ್ಸಾಹ ನೀಡಿತು, ಸಂತೋಷ. ಆದರೆ ಯಾವ ನೀತಿಯೂ ನಿಮ್ಮ ಹಣ್ಣನ್ನು ಕೊಳ್ಳುವುದಿಲ್ಲ.

ಆದುದರಿಂದ ಕರಾರಿನ ಮಾತು. ಬಳ್ಳಿ ಫಸಲಿಗೆ ಬರಲು ಎರಡು-ಮೂರು ವರ್ಷ ಬೇಕಾಗಿರುವಾಗ ಒಂದು ವರ್ಷದ ಕರಾರಿನಿಂದ ಪ್ರಯೋಜನವಿಲ್ಲ; ಫಸಲು ಆರಂಭವಾದ ಮೇಲೆ ಕನಿಷ್ಠ ಐದಾರು ವರ್ಷ ಕೊಳ್ಳುವುದಾಗಿ ಬರೆಸಿಕೊಳ್ಳಿ. ಇಳುವರಿ ಮಿತಿ ಅವರು ಹೇಳುವುದಾದರೆ ಎಕರೆ ಲೆಕ್ಕದ ಕನಿಷ್ಠ ಹಣವನ್ನೂ ಅವರೇ ಹೇಳಲಿ. ಹಣ ಸಂದಾಯದ ದಿನಾಂಕ ಬೇಕು. ರಸದ ಸಿಹಿಯನ್ನು ತೋಟದಲ್ಲಿ, ನಿಮ್ಮ ಕಣ್ಣೆದುರಿಗೇ ಅಳೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೊಯ್ಲಿನ ದಿನವನ್ನು ನಿಗದಿ ಮಾಡುವವರು ವೈನ್ ತಯಾರಕರು. ಮಾಗಿದ ಹಣ್ಣು ಬಳ್ಳಿಯಲ್ಲಿ ಇನ್ನೊಂದು ವಾರ ನಿಂತರೆ ಸಿಹಿ ಏರುತ್ತದೆ, ನೀರು ಆರಿ ತೂಕ ಇಳಿಯುತ್ತದೆ. ಏರಿದ ಸಿಹಿ ಅವರಿಗೆ, ಇಳಿದ ತೂಕ ನಿಮಗೆ. ಬ್ರಿಕ್ಸ್ ಏರಿದಂತೆ ದರವೂ ಏರುವ ಕೋಷ್ಟಕ ಕರಾರು ಪತ್ರದಲ್ಲಿ ಇಲ್ಲದಿದ್ದರೆ ರುಜು ಹಾಕದೆ ಎದ್ದು ಬನ್ನಿ.